ಐದನೆಯವಳು

ಗುರುವಾರ, ಜುಲೈ 18

ಇವತ್ತೂ ಹೇಳಲಾಗಲಿಲ್ಲ. ಮಂಡಿಗೆ ಐಸ್ ಕಟ್ಟಿಕೊಂಡು ಬರೆಯುತ್ತಿದ್ದೇನೆ.

ಗಂಡಸರೂ ಹೆಂಗಸರೂ ಕೂಡಿ ಆಡುವ ನಮ್ಮ ಸಾಫ್ಟ್‌ಬಾಲ್ ಲೀಗಿನಲ್ಲಿ ತಂಡಕ್ಕೆ ಐದು ಜನ ಹೆಂಗಸರು ಇರಲೇಬೇಕು. ಒಬ್ಬಳು ಕಡಿಮೆಯಾದರೆ ಅವಳ ಬ್ಯಾಟಿಂಗ್ ಸರದಿ ಬಂದಾಗಲೆಲ್ಲ ತಂಡಕ್ಕೆ ಒಂದು ಔಟ್ ಲೆಕ್ಕ. ನಮ್ಮಲ್ಲಿ ನನ್ನನ್ನೂ ಸೇರಿಸಿ ಹೆಂಗಸರು ಸರಿಯಾಗಿ ಐದೇ ಜನ. ಹದಿನಾರು ವರ್ಷದಿಂದ ಜೊತೆಗೆ ಆಡಿದ ಗೆಳೆಯರಿಗೆ, ಇನ್ನು ನಾನು ಬರುವುದಿಲ್ಲ ಅನ್ನುವುದು ಹೇಗೆ? ಅವರೇ ಬೇಡ ಅನ್ನಲಿ ಎಂದು ಕೊನೆಯ ಸರದಿಯಲ್ಲಿ ಬೇಕೆಂದೇ ಔಟಾಗಲು ನಿಂತೆ. ಚೆಂಡು ಮೇಲಿನಿಂದ ಮೆಲ್ಲಗೆ ಇಳಿದು ಬಂತು. ಹಾಳಾದ ಕೈ ತಾನಾಗಿ ಬೀಸಿತು. ಹೊಡೆದ ಮೇಲೆ ಈ ಮಂಡಿಯಲ್ಲೇ ಓಡಲೇಬೇಕಲ್ಲ. ಎರಡು ರನ್ ಬಂದು ಗೆದ್ದೆವು. ಬೇಲಿಗೆ ಜೋತುಬಿದ್ದ ಮಕ್ಕಳೆಲ್ಲ ನನ್ನ ಹೆಸರು ಕೂಗಿದವು.

"ಮುದುಕಿ ಆದ್ಲು ಅನ್ಕೊಂಡಿದ್ವಲ್ಲೇ," ಎಂದು ಕ್ಯಾಪ್ಟನ್ ಡ್ವೇನ್ ಬೆನ್ನು ತಟ್ಟಿದ. "ಸೆಪ್ಟೆಂಬರ್ ಲೀಗಿಗೂ ನಿನ್ ಹೆಸ್ರು ಕೊಟ್ಬಿಟ್ಟಿದೀನಿ."

ನಕ್ಕೆ. ಬೇರೇನು ಮಾಡಲಿ.

ಕಾರಿನಲ್ಲಿ ಮಗಳು ಮೇವ್, ಆರು ವರ್ಷದವಳು, ಕೆಚಪ್ ಮೆತ್ತಿದ ಬೆರಳು ನೆಕ್ಕುತ್ತ ಕೇಳಿದಳು: "ಅಮ್ಮಾ, ಓಡುವಾಗ ಯಾಕೆ ಅಳ್ತಿದ್ದೆ?"

"ಖುಷಿಗೆ."

"ಹಂಗಾದ್ರೆ ನಾನೂ ದೊಡ್ಡೋಳಾಗಿ ನಿಮ್ ಟೀಮಿಗೇ ಬರ್ತೀನಿ."

ಲೀಗಿಗೆ ಸೇರಲು ಹದಿನೆಂಟು ತುಂಬಿರಬೇಕು. ಇನ್ನು ಹನ್ನೆರಡು ವರ್ಷ.