ಎಲ್ಲ ಬಿಟ್ಟು ಹೊರಟ ಅಳಿಯನಿಗೆ

ಮೈಂದರ್ಗಿ
ತಾ. ೯ ನವೆಂಬರ್ ೨೦೨೪

ನನ್ನ ತಂಗಿಯ ಮಗ, ನನ್ನ ಮಗಳ ಗಂಡ ರೇವಣ್ಣನಿಗೆ ಮಾವ ಖಂಡಪ್ಪನ ಆಶೀರ್ವಾದ. ಬೇಕಿದ್ದರೆ ತಗೋ, ಬೇಡವಾದರೆ ಬಿಡು.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಕೈಗೆ ಪೆನ್ನು ಹಿಡಿಸಿದೆಯಲ್ಲ, ಮೊದಲ ಸಿಟ್ಟು ಅದಕ್ಕೇ. ಫೋನು ಮಾಡಿದರೆ ಎತ್ತುವುದಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಕುರಿ ಪಕ್ಕದವರ ಜೋಳಕ್ಕೆ ನುಗ್ಗಿದವು, ಹೋಗಿ ಬೈಸಿಕೊಂಡು ಬಂದೆ. ನಿನ್ನ ಪವಿತ್ರ ಪುಸ್ತಕವನ್ನು ಕನ್ನಡದಲ್ಲೇ ಓದುತ್ತೀಯಂತೆ. ಇದನ್ನೂ ಓದು.

ಹೋದ ವರ್ಷ ಬೀರೋಬಾನ ಹಬ್ಬದಲ್ಲಿ ದೇವರ ಟಗರಿನ ಮೊದಲ ತುಂಡು ಅಳಿಯನಿಗೆಂದು ನಿನ್ನ ತಟ್ಟೆಗೆ ಹಾಕಿದೆ. ನೀನು ತಟ್ಟೆ ಸರಿಸಿದೆ. ಸೆರೆಯನ್ನೂ ಮುಟ್ಟಲಿಲ್ಲ. ನಮಗೇನು ಗೊತ್ತು? ಪಂಢರಪುರದ ತುಳಸಿ ಮಾಲೆ ಹಾಕಿಕೊಂಡು ಮಾಂಸ ಬಿಟ್ಟಿದ್ದಾನೆ, ಮಾಲೆ ಅಂಗಿಯೊಳಗೆ ಇದ್ದೀತು ಅಂದುಕೊಂಡೆವು. "ನಮ್ಮ ಅಳ್ಯಾ ಮಾಳಕರಿ ಆಗ್ಯಾನ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ನಿನ್ನ ಎದುರಿಗೇ ಹೇಳಿದಾಗಲೂ ನೀನು ತಲೆ ಬಗ್ಗಿಸಿ ನಕ್ಕೆ. ಮುಂದಿನ ತಿಂಗಳು ಸೊಲ್ಲಾಪುರದ ಪಕ್ಕದ ಚಿಂಚೋಳಿಯಲ್ಲಿ ನೀನು ದುಡಿಯುವ ಕಾರ್ಖಾನೆಗೆ ಬಂದರೆ, ಗೇಟಿನ ಎದುರಿನ ಖಾನಾವಳಿಯಲ್ಲಿ ಕೂತು ಮಟನ್ ಎಲುಬು ಚೀಪುತ್ತಿದ್ದೀ! "ಮಾಲಿ ಎಲ್ಲೈತೋ?" ಅಂದೆ. "ಎಂಥಾ ಮಾಲೀರಿ ಮಾಮಾ? ನಾ ಯೇಸುನ ಹಿಂದ ಹೊಂಟೀನಿ. ದೇವರಿಗೆ ಕೊಯ್ದದ್ದಷ್ಟ ತಿನ್ನೂದಿಲ್ರಿ" ಅಂದೆ ನೀನು.

ಹೇಸಿಗೆ ಬಂತು. ಯೇಸುವಿನ ಜೊತೆ ನನ್ನದೇನೂ ಜಗಳವಿಲ್ಲ. ನೀನು ಕುಡಿಯುವುದು ಬಿಟ್ಟದ್ದು ಖರೆ. ಬೀರೋಬಾನಿಗೆ ಎಷ್ಟು ಹರಕೆ ಹೊತ್ತರೂ ನಿನ್ನ ಕುಡಿತ ಬಿಡಿಸುವುದು ನನ್ನಿಂದ ಆಗಿರಲಿಲ್ಲ. ಆದರೆ ಊರ ತುಂಬ ನನ್ನ ಬಾಯಿಂದ ಸುಳ್ಳು ಹೇಳಿಸಿ ಸುಮ್ಮನೆ ಕೂತೆಯಲ್ಲ, ಥೂ!

ಅದನ್ನೂ ನುಂಗಿಕೊಂಡೆ. ಪಂಚಮಿ ಹಬ್ಬಕ್ಕೆ ಮಗಳು ಪ್ರಾಜಕ್ತಾಳನ್ನು ಇಲ್ಲಿ ತಂದು ಬಿಟ್ಟು, "ಎಂಟು ದಿನಕ್ಕ ಕರಕೊಂಡು ಹೋಗ್ತೀನ್ರಿ" ಅಂದವನು ದೀಪಾವಳಿ ಮುಗಿದರೂ ಬರಲಿಲ್ಲ. ಬಂದವನು ನಿಮ್ಮ ಪ್ರಾರ್ಥನೆ ಸಭೆಯ ಧನರಾಜ. ಬೆಲ್ಲದಂತೆ ಮಾತು. "ಕಾಕಾ, ರೇವಣ್ಣಗ ದೇವರು ಕರದಾನ್ರಿ. ಕೆಲಸ ಬಿಟ್ಟಾನ, ನಾಂದೇಡ ಕಡೆ ಸೇವಾಕ್ಕ ಹೊಂಟಾನ. ಶಿಷ್ಯಾ ಆಗಾವ ಮನಿ, ಹೇಣ್ತಿ ಎಲ್ಲಾ ಬಿಡಬೇಕಾಕೈತ್ರಿ" ಅಂದ. "ಬಿಡಾಕ ನನ್ನ ಮಗಳು ಅವನ ಹಳೀ ಚಪ್ಪಲಿ ಏನೋ?" ಅಂದೆ. ಅರ್ಧ ಚಹಾ ಬಿಟ್ಟು ಎದ್ದ.

ಹೆಂಡತಿಗೆ ಹೇಳುವ ಧೈರ್ಯವಿಲ್ಲದವನು ಪರವೂರಿನ ಮಂದಿಗೆ ಏನು ಸಾರುತ್ತೀ? ನಾವೂ ದೇವರಿಗೆ ಬಿಡುತ್ತೇವಪ್ಪ, ಟಗರನ್ನು. ಕಿವಿ ಹರಿದು ಗುರುತು ಮಾಡಿ, ಹತ್ತು ಮಂದಿಗೆ ಹೇಳಿ ಬಿಡುತ್ತೇವೆ. ಅದೂ ನಮ್ಮದೇ ಹಿಂಡಿನದು. ಇನ್ನೊಬ್ಬರ ಮಗಳನ್ನು ಅವಳಿಗೇ ಗೊತ್ತಿಲ್ಲದಂತೆ ದೇವರಿಗೆ ಬಿಟ್ಟವನನ್ನು ನಾನು ಕಂಡಿಲ್ಲ.

ಹೋಗುವವನನ್ನು ತಡೆಯುವುದಿಲ್ಲ. ಅವಳನ್ನು ಕರೆದುಕೊಂಡು ಹೋಗುವುದಿದ್ದರೆ ಹೋಟಗಿ ಸ್ಟೇಷನ್ನಿಗೆ ನಾನೇ ತಂದು ಬಿಡುತ್ತೇನೆ. ಇಲ್ಲವಾದರೆ ನೀನೇ ಬಾ. ಅಂಗಳದಲ್ಲಿ ನಿಂತು, ಅವಳ ಮುಖ ನೋಡಿ, ಬಿಟ್ಟೆ ಅನ್ನು. ಧನರಾಜನನ್ನು ಕಳಿಸಬೇಡ.

ಇಂತಿ,
ಖಂಡಪ್ಪ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನಗಿಂತ ಮೊದಲು ಯೇಸುವನ್ನು ನಂಬಿದವಳು ಅವಳಂತೆ. ಸೊಲ್ಲಾಪುರದಲ್ಲಿ ನೀನು ಕುಡಿತ ಬಿಡಲಿ ಎಂದು ನೆರೆಮನೆಯವರ ಜೊತೆ ಪ್ರಾರ್ಥನೆಗೆ ಹೋದವಳು ಅವಳು. ನಿನ್ನ ಕೈ ಹಿಡಿದು ಅಲ್ಲಿಗೆ ಕರೆದೊಯ್ದವಳೂ ಅವಳೇ. ನನಗೆ ಹೆದರಿ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ರೊಟ್ಟಿ ಬಡಿಯುತ್ತ ಕೇಳಿದಳು: "ಅಪ್ಪಾ, ದೇವರು ಅವರನ್ನಷ್ಟ ಕರದಾನೇನು? ನನ್ನ ಕರದಿಲ್ಲೇನು?" ಕರೆದವನು ನನ್ನ ದೇವರಲ್ಲ. ಗೊತ್ತಿದ್ದವನು ನೀನು ಹೇಳು. ಇದೇ ತಿಂಗಳ ೨೦ನೇ ತಾರೀಖಿನೊಳಗೆ ಉತ್ತರ ಬರಬೇಕು.