ಕೇಳಿದರೆ ಇಲ್ಲ ಎನ್ನುವಂತಿಲ್ಲ

ಅಬೆಮಾಮಾ ದ್ವೀಪ
ಏಪ್ರಿಲ್ ೨, ಮಂಗಳವಾರ

ಪ್ರೀತಿಯ ಮೊಯ್ರಾ ಅಕ್ಕನಿಗೆ, ಎರಡು ವರ್ಷದಿಂದ ನಿಮ್ಮ ಮಗಳಿಗೆ ಉಣ್ಣಲಿಕ್ಕಿ ಮಲಗಲು ಚಾಪೆ ಹಾಸುತ್ತಿರುವ ಟೆಬೋರಾಳ ನಮಸ್ಕಾರಗಳು.

ನಿಮ್ಮ ಕಾಗದ ಮೊನ್ನೆಯಷ್ಟೇ ಕೈಸೇರಿತು. ವಿಮಾನಕ್ಕೆ ಏನೋ ಆಗಿತ್ತಂತೆ, ಟಪಾಲಿನ ಚೀಲ ಎಲ್ಲೋ ಉಳಿದುಬಿಟ್ಟಿತ್ತಂತೆ. ಬ್ರಿಜೆಟ್‌ಳ ಅವಧಿ ಮಾರ್ಚ್ ಕೊನೆಗೆ ಮುಗಿಯಿತು, ಬೇಕಾದರೆ ಇನ್ನೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿಕೊಂಡು ಇರು ಎಂದು ಅವಳನ್ನು ಕಳಿಸಿದ ಸಂಸ್ಥೆಯವರು ಹೇಳಿದ್ದಾರೆ. ನೀವು ಮಾತ್ರ "ದಯವಿಟ್ಟು ನನ್ನ ಮಗಳನ್ನು ಕಳಿಸಿಕೊಡಿ" ಎಂದು ನನಗೆ ಬರೆದಿದ್ದೀರಿ. ಏನು ಮಾಡಲಿ ಅಕ್ಕ, ಅವಳು ಇರುತ್ತೇನೆಂದು ಊರಿಗೆ ಮಾತು ಕೊಟ್ಟಾಗಿದೆ. ಹೇಗೆಂದು ಹೇಳುತ್ತೇನೆ, ಕೋಪ ಮಾಡಿಕೊಳ್ಳದೆ ಓದಿ.

ನಮ್ಮಲ್ಲಿ ಬುಬುಸಿ ಎಂದು ಒಂದು ಪದ್ಧತಿ. ಒಬ್ಬರು ಬಾಯಿಬಿಟ್ಟು ಕೇಳಿದರೆ ಇನ್ನೊಬ್ಬರು ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವರು ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ನನ್ನ ನಾದಿನಿ ನನ್ನ ಎರಡನೇ ಮಗಳನ್ನೇ ಸಾಕಿಕೊಳ್ಳಲು ಕೇಳಿದಳು. ಬಟ್ಟೆ ಗಂಟು ಕಟ್ಟಿ ಕಳಿಸಿದೆ. ಆ ಮಾತು ಈಗ ಬೇಡ.

ಬ್ರಿಜೆಟ್ ಬಂದ ಹೊಸದರಲ್ಲಿ ಊರಿಗೆ ಊರೇ ಅವಳ ಬಳಿ ಬುಬುಸಿಗೆ ಬಂತು. ಪಕ್ಕದ ಮನೆ ಮೆರೆರೆ ಮಳೆಯಂಗಿ ಕೇಳಿದಳು, ಅವಳ ತಂಗಿ ಕೊಡೆ ಕೇಳಿದಳು. ನೀವು ಪ್ರೀತಿಯಿಂದ ಕಳಿಸಿದ ಹೂವಿನ ಟೋಪಿ ಈಗ ಪಾದ್ರಿಗಳ ಅಡುಗೆಯವನ ತಲೆ ಮೇಲಿದೆ, ಅವನಿಗೆ ಚೆನ್ನಾಗಿಯೂ ಒಪ್ಪುತ್ತದೆ. ತಿಂಗಳೊಪ್ಪತ್ತಿನಲ್ಲಿ ನಿಮ್ಮ ಮಗಳ ಪಾಲಿಗೆ ಉಳಿದದ್ದು ಹಲ್ಲುಜ್ಜುವ ಬ್ರಷ್ಷು ಒಂದೇ. ಅದನ್ನು ಕೇಳುವಷ್ಟು ನಾಚಿಕೆಗೆಟ್ಟವರು ನಮ್ಮೂರಲ್ಲಿ ಇಲ್ಲ.

ಆಮೇಲೊಂದು ದಿನ ಅವಳಿಗೆ ಬುದ್ಧಿ ಬಂತು. "ಅಮ್ಮಾ, ನಾನೂ ಕೇಳ್ಬಹುದಾ?" ಅಂದಳು. "ಕೇಳೇ, ಯಾರು ಬೇಡ ಅಂದ್ರು?" ಅಂದೆ. ಸೀದಾ ನಮ್ಮ ಹಿಂಬದಿಯ ಇಯೋಟೆಬನ ಮನೆಗೆ ಹೋಗಿ ಅವನ ಹುಂಜ ಕೇಳಿದಳು. ಆ ಹುಂಜ ದಿನಾ ಬೆಳಕು ಹರಿಯುವ ಮೊದಲೇ ಅವಳ ಕಿವಿಯ ಹತ್ತಿರ ನಿಂತು ಕೂಗುತ್ತಿತ್ತು. ತಂದು ಸಾರು ಮಾಡಿದರೆ ಪೀಡೆ ಹೋಯಿತು ಎಂದು ಅವಳ ಲೆಕ್ಕಾಚಾರ. ಇಯೋಟೆಬ ತಾನೇ ಹೊತ್ತು ತಂದು, ಅವಳು ಮಲಗುವ ಅಟ್ಟಣೆಯ ಕಂಬಕ್ಕೇ ಕಟ್ಟಿ, "ಇನ್ಮೇಲೆ ನಿಂದೇ ತಾಯಿ, ಚೆನ್ನಾಗಿ ನೋಡ್ಕೋ" ಎಂದು ಹೋದ. ದಿನಾ ಸಂಜೆ ಬಂದು ಅದರ ಯೋಗಕ್ಷೇಮ ವಿಚಾರಿಸುತ್ತಾನೆ. ಹೀಗಿರುವಾಗ ಸಾರು ಮಾಡುವುದು ಹೇಗೆ ಹೇಳಿ? ಈಗ ಅದು ಮೊದಲಿಗಿಂತ ಎರಡು ಮೊಳ ಹತ್ತಿರದಿಂದ ಕೂಗುತ್ತದೆ.

ಇನ್ನೊಂದು ಹೇಳಲೇಬೇಕು. ಚಾವಡಿಯಲ್ಲಿ ಯಾರಾದರೂ ಚೆನ್ನಾಗಿ ಕುಣಿದರೆ ನಮ್ಮ ಹೆಂಗಸರು ಎದ್ದು ಓಡಿ ಅವರ ಕುತ್ತಿಗೆಗೆ ಪೌಡರು ಸುರಿದು ಸೆಂಟು ಹೊಡೆಯುತ್ತಾರೆ. ಅದು ನಾವು ಮಾಡುವ ಮರ್ಯಾದೆ. ಬ್ರಿಜೆಟ್ ಮೊದಲ ಸಲ ಕುಣಿದಾಗ ಆರು ಜನ ಎದ್ದು ಓಡಿದರು. ಪಾಪದ ಹುಡುಗಿ, ತನ್ನ ಮೈ ನಾರುತ್ತಿದೆ ಅಂದುಕೊಂಡು ಹದಿನೈದು ದಿನ ಹೊತ್ತಿಗೊಮ್ಮೆ ಸ್ನಾನ ಮಾಡಿದಳು. ಬಾವಿಯ ನೀರು ತಳ ಕಂಡಿತು. ನಮ್ಮವರು ಕೊನೆಗೆ ತಡೆಯಲಾರದೆ, "ಆ ಮಗು ಏನು ಮೀನಾ?" ಎಂದು ನನ್ನನ್ನು ಕೇಳಿದರು.

ಇರಲಿ, ವಿಷಯಕ್ಕೆ ಬರುತ್ತೇನೆ. ಮಾರ್ಚ್ ಹದಿನಾರಕ್ಕೆ ಅವಳನ್ನು ಬೀಳ್ಕೊಡಲೆಂದು ಚಾವಡಿಯಲ್ಲಿ ಊರು ಸೇರಿತು. ಕೆಸುವಿನ ಗೆಡ್ಡೆ, ಮೀನು, ತೆಂಗಿನ ಹಾಲು, ಯಾವುದಕ್ಕೂ ಕಡಿಮೆಯಿರಲಿಲ್ಲ. ಊರ ಹಿರಿಯರಾದ ತಬೋಕಾಯ್ ತಾತ ಮಾತಾಡಲು ಎದ್ದರು. ಹೋಗಿ ಬಾ ಎನ್ನುತ್ತಾರೆಂದು ಎಲ್ಲರೂ ಕಾದರೆ ಅವರು, "ಮಗಳೇ, ಊರ ಪರವಾಗಿ ಕೇಳ್ತಿದೀನಿ, ನಿನ್ನ ಇನ್ನೊಂದು ವರ್ಷ ನಮಗೆ ಕೊಡು" ಎಂದು ಬುಬುಸಿ ಹಾಕಿಯೇಬಿಟ್ಟರು. ಬ್ರಿಜೆಟ್ "ಕೊಟ್ಟೆ ತಾತ" ಅಂದಳು. ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೇ ಇರಬೇಕು.

ನೀವು ಕೇಳಿದ್ದೂ ಬುಬುಸಿಯೇ ಅಕ್ಕ, ನಿಮಗೆ ಗೊತ್ತಿಲ್ಲದಿದ್ದರೂ. ಮೊದಲು ಬಂದಿದ್ದರೆ ನಾನು ಇಲ್ಲ ಎನ್ನುವಂತಿರಲಿಲ್ಲ. ಆದರೆ ಒಂದೇ ವಸ್ತುವನ್ನು ಇಬ್ಬರು ಕೇಳಿದರೆ ಮೊದಲು ಕೇಳಿದವರಿಗೆ ಸಲ್ಲುತ್ತದೆ. ಊರು ಹದಿನಾರಕ್ಕೆ ಕೇಳಿತು, ನಿಮ್ಮ ಕಾಗದ ಬಂದದ್ದು ಮೊನ್ನೆ. ನನ್ನ ಕೈಯಲ್ಲಿ ಏನಿದೆ ಹೇಳಿ. ಒಂದು ವರ್ಷ ಎಂದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ. ಆರೋಗ್ಯ ನೋಡಿಕೊಳ್ಳಿ. ದಕ್ಷಿಣಕ್ಕಿರುವ ನಿಮ್ಮ ದೇಶದಲ್ಲಿ ಈಗ ಚಳಿಗಾಲ ಹತ್ತಿರ ಬಂತೆಂದು ಬ್ರಿಜೆಟ್ ಹೇಳಿದಳು, ಕಾಲಿಗೆ ಬೆಚ್ಚಗೆ ಹಾಕಿಕೊಳ್ಳಿ.

ನಿಮ್ಮ ಮಗಳ ಇಲ್ಲಿನ ಅಮ್ಮ,
ಟೆಬೋರಾ

ಮರೆತ ಮಾತು, ಏಪ್ರಿಲ್ ೫:

ಮರೆತದ್ದೇನೂ ಅಲ್ಲ ಅಕ್ಕ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ವಿಮಾನಕ್ಕೆ ಏನೂ ಆಗಿರಲಿಲ್ಲ. ನಿಮ್ಮ ಕಾಗದ ಮಾರ್ಚ್ ಮೂರಕ್ಕೇ ಬಂತು. ಓದಿ ಚಾಪೆಯ ಕೆಳಗಿಟ್ಟು, ತಬೋಕಾಯ್ ತಾತನ ಮನೆಗೆ ಹೋಗಿ, ಚಾವಡಿಯಲ್ಲಿ ಏನು ಕೇಳಬೇಕೆಂದು ಅವರಿಗೆ ಹೇಳಿಕೊಟ್ಟವಳೂ ನಾನೇ.

ನಿನ್ನೆ ಇಬ್ಬರೂ ಕೂತು ಮೀನು ಕುಯ್ಯುತ್ತಿದ್ದೆವು. ಬ್ರಿಜೆಟ್ ತಲೆಯೆತ್ತದೆ, "ಅಲ್ಲಿರೋ ಅಮ್ಮ ಫೋನಲ್ಲಿ ಯಾವಾಗ್ಲೂ ನಿನ್ನಿಷ್ಟ, ನಿನ್ನಿಷ್ಟ ಅಂತಾಳೆ. ಒಂದ್ಸಲನಾದ್ರೂ ಬಾ ಅಂದಿದ್ರೆ ಹೋಗ್ತಿದ್ದೆ" ಅಂದಳು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಚಾಪೆ ಎತ್ತಿ ನಿಮ್ಮ ಕಾಗದ ತಂದು ಅವಳ ಕೈಗೆ ಕೊಟ್ಟೆ. ಮೀನಿನ ಕೈಯಲ್ಲೇ ಓದಿದಳು. ಮೊದಲು ನನ್ನನ್ನು ಬೈದಳು, ನಮ್ಮ ಭಾಷೆಯಲ್ಲಿ, ಒಂದು ತಪ್ಪೂ ಇಲ್ಲದೆ. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ.

ತಾತನಿಗೂ ನಿಜ ಹೇಳಿದೆ. "ಮೊದ್ಲು ಕೇಳ್ದೋರು ಹೆತ್ತೋಳು. ಹುಡುಗಿ ಹೋಗ್ಲಿ. ಬಚ್ಚಿಟ್ಟೋಳು ಒಂದು ತಿಂಗಳು ಚಾವಡಿ ಗುಡಿಸ್ಲಿ" ಅಂದರು. ಗುಡಿಸುತ್ತಿದ್ದೇನೆ.

ಹಾಗಾಗಿ ಈ ಕಾಗದ ಟಪಾಲಿನಲ್ಲಿ ಬಂದಿಲ್ಲ. ತಂದುಕೊಟ್ಟವಳು ನಿಮ್ಮ ಎದುರಿಗೇ ನಿಂತಿದ್ದಾಳೆ. ಮೊದಲು ಊಟಕ್ಕಿಡಿ, ಆಮೇಲೆ ಓದಿ ಎಂದು ಮೇಲುಗಡೆಯೇ ಬರೆಯಬೇಕಿತ್ತು.

ನೀವು ಕೇಳಿದ್ದನ್ನು ಕೊಟ್ಟಿದ್ದೇನೆ ಅಕ್ಕ. ಕೇಳುವ ಸರದಿ ಇನ್ನು ನನ್ನದು. ಸದ್ಯಕ್ಕೆ ಏನನ್ನೂ ಕೇಳುತ್ತಿಲ್ಲ. ಆದರೆ ಕೇಳುವ ದಿನ ನಾನು ಏನು ಕೇಳುತ್ತೇನೆಂದು ನಿಮಗೂ ಗೊತ್ತು, ಅವಳಿಗೂ ಗೊತ್ತು.