ಮಗಳ ತಟ್ಟೆಗೆ ಹಾಕಿದ ಖಾರ

ಮಾನ್ಯರೇ,

ಶಾಲಾ ಮಕ್ಕಳ ಆರೋಗ್ಯ ತಪಾಸಣೆಯ ಮೇಲ್ವಿಚಾರಣೆ ನಿಮ್ಮದು. ಹಾಗಾಗಿ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ತಂಡ ನನ್ನ ಮಗಳು ಭೂಮಿಕಳ ಹಲ್ಲು ನೋಡಿತು, ಕಣ್ಣು ನೋಡಿತು, ಎತ್ತರ, ತೂಕ ಅಳೆಯಿತು. ರಕ್ತದೊತ್ತಡವನ್ನೇಕೆ ನೋಡಲಿಲ್ಲ?

ಉತ್ತರ ನನಗೆ ಗೊತ್ತು. ಅಂದು ಶಾಲೆಯ ಜಗಲಿಯಲ್ಲಿ ನಾನೂ ಇದ್ದೆ. ದೊಡ್ಡವರ ತೋಳಿಗೆ ಸುತ್ತುವ ಪಟ್ಟಿಯೊಂದೇ ಅವರ ಚೀಲದಲ್ಲಿತ್ತು. "ಇದು ಮಕ್ಕಳ ತೋಳ್ಗೆ ಕೂರಾಕಿಲ್ಲ ಕಣಣ್ಣ. ಚಿಕ್ಕದು ಕೊಡಿ ಅಂತ ಕೇಳಿ ಕೇಳಿ ಸಾಕಾಯ್ತು" ಎಂದರು ಸಿಸ್ಟರ್. ನಾನು ನಕ್ಕು, "ಮಕ್ಳಿಗ್ಯಾವ ಬಿಪಿ, ಬುಡಿ ಸಿಸ್ಟರೇ" ಅಂದೆ. ಮೊನ್ನೆ ಅಹವಾಲು ಸಭೆಯಲ್ಲಿ ನಾನು ಆ ಚಿಕ್ಕ ಪಟ್ಟಿ ಕೇಳಿದಾಗ ನೀವು ಹೇಳಿದ್ದೂ ಅದೇ ಮಾತು. ನಿಮ್ಮದು ಮೈಕಿನಲ್ಲಿ ಕೇಳಿಸಿತು, ಅಷ್ಟೇ ವ್ಯತ್ಯಾಸ.

ಈ ನಡುವೆ ಆದದ್ದು ಇಷ್ಟು. ಜ್ವರ ಬಿಡದ ಮಗಳನ್ನು ಕಿಕ್ಕೇರಿಯಲ್ಲಿ ಬಸ್ಸು ಹತ್ತಿಸಿ ಮೈಸೂರಿಗೆ ಕರೆದೊಯ್ದೆ. ಅಲ್ಲಿನ ವೈದ್ಯರು ಮನೆಯಲ್ಲಿ ಯಾರಿಗೆ ಬಿಪಿ ಇದೆ ಎಂದು ಕೇಳಿ, ಜ್ವರ ಇಳಿದ ಮೇಲೆ ಅವಳದನ್ನೂ ಅಳೆದರು. ತುಸು ಹೆಚ್ಚಿತ್ತು. ಸ್ಕ್ಯಾನಿನಲ್ಲಿ ಹೃದಯದ ಎಡ ಕೋಣೆಯ ಗೋಡೆ ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ದಪ್ಪವಾಗಿತ್ತು. ಬಿಪಿ ಇರುವವರ ಕೆಲವು ಮಕ್ಕಳಲ್ಲಿ ಇಂಥ ಬದಲಾವಣೆ, ರಕ್ತನಾಳ ಬಿಗಿಯುವುದು, ಸದ್ದಿಲ್ಲದೆ ಶುರುವಾಗುತ್ತದಂತೆ. ಬೇಗ ಕಂಡರೆ ತಡೆಯಬಹುದಂತೆ. ಕಬಡ್ಡಿ ಆಡುವ ಹನ್ನೊಂದು ವರ್ಷದ ಹುಡುಗಿಯ ಎದೆಯೊಳಗೆ ಏನಾಗುತ್ತಿದೆ ಎಂದು ನಾವು ಹೊರಗಿನಿಂದ ಹೇಗೆ ತಿಳಿಯಬೇಕಿತ್ತು?

ನಮ್ಮ ಕಡೆ ಉಪ್ಪುಸಾರು ಎಂದರೆ ಮುದ್ದೆಯ ಪಕ್ಕ ಗಟ್ಟಿ ಖಾರ, ಅದರಲ್ಲಿ ಧಾರಾಳ ಉಪ್ಪು. ಬಿಪಿ ಬಂದವರಿಗೆ ಮಾತ್ರ ಪುಟ್ಟ ಪಾತ್ರೆಯಲ್ಲಿ ಸಪ್ಪೆ ಸಾರು. ಕಾಯಿಲೆ ಆ ಪಾತ್ರೆಯೊಳಗೇ ಇರುತ್ತದೆ ಎಂಬಂತೆ ಉಳಿದವರು ಎಂದಿನಂತೆ ಉಣ್ಣುತ್ತಾರೆ. ಲಕ್ವ ಹೊಡೆದು ನನ್ನ ಅವ್ವ ದೊಡ್ಡತಾಯಮ್ಮನ ಬಲಗೈ ಬಿದ್ದುಹೋದ ಮೇಲೂ ನಮ್ಮ ಮನೆಗೆ ಬಂದದ್ದು ಆ ಪಾತ್ರೆ ಮಾತ್ರ. ನನಗೂ ಬಿಪಿ ಬಂತು. ಆದರೂ ಹೆಂಡತಿ ಪ್ರಮೀಳಾ ಅಭ್ಯಾಸಬಲದಿಂದ ನನ್ನ ತಟ್ಟೆಗೆ ಖಾರ ಹಾಕುವಳು. ಅದನ್ನು ಬೆರಳಲ್ಲಿ ತೆಗೆದು ಭೂಮಿಕಳ ತಟ್ಟೆಗೆ ಹಾಕುತ್ತಿದ್ದೆ. "ನಂಗೆ ಬ್ಯಾಡ ಅಂದವ್ರೆ, ನೀ ತಿನ್ನವ್ವ."

"ನಿನ್ ಪಾಲೂ ನಂಗೇ ಕಣಪ್ಪ, ಇನ್ನೊಸಿ ಆಕು" ಎಂದು ನಗುತ್ತಿದ್ದಳು.

ಉಪ್ಪೊಂದೇ ಕಾರಣವಲ್ಲ, ಅಪ್ಪನಿಂದ ರಕ್ತದಲ್ಲೇ ಬಂದದ್ದೂ ಇದೆ ಎಂದರು ವೈದ್ಯರು. ಇವೆರಡರಲ್ಲಿ ಯಾವುದನ್ನು ನಾನು ಸಮಾಧಾನವೆಂದು ತೆಗೆದುಕೊಳ್ಳಲಿ?

ನನ್ನ ತಪ್ಪು ನನಗಿರಲಿ. ತಿಂಗಳಿಗೊಮ್ಮೆ ನಿಮ್ಮದೇ ಆರೋಗ್ಯ ಕೇಂದ್ರದಲ್ಲಿ ಸಾಲು ನಿಂತು ಮಾತ್ರೆ ಪಡೆಯುತ್ತೇನೆ. ಉಪ್ಪು ಬಿಟ್ಟಿರಾ, ಬೀಡಿ ಬಿಟ್ಟಿರಾ ಎಂದು ಕೇಳುತ್ತಾರೆ. ಮಕ್ಕಳಿದ್ದಾರೆಯೇ ಎಂದು ಯಾರೂ ಕೇಳಿಲ್ಲ. ಮಾತ್ರೆ ಕೊಡುವ ಕೋಣೆಗೂ ಶಾಲಾ ತಂಡದ ಜೀಪು ನಿಲ್ಲುವ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಅಪ್ಪನ ಕಾಯಿಲೆ ಮಗಳನ್ನು ತಲುಪಿತು. ನಿಮ್ಮ ಇಲಾಖೆಯ ಮಾಹಿತಿಗೆ ಆ ಗೋಡೆ ದಾಟಲಾಗಲಿಲ್ಲ.

ಪ್ರತಿ ತಂಡದ ಚೀಲಕ್ಕೂ ಮಕ್ಕಳ ತೋಳಿನ ಪಟ್ಟಿ ಕೊಡಿ. ಬಿಪಿ ಮಾತ್ರೆಗೆ ಬರುವ ಪ್ರತಿಯೊಬ್ಬರಿಗೂ ಮಕ್ಕಳನ್ನು ಕರೆತರಲು ಹೇಳಿ, ಅಳೆಯಿರಿ.

ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆ. ಮೊನ್ನೆ ಅಜ್ಜಿಗೆ ತುತ್ತು ಕೊಡುತ್ತಾ ಭೂಮಿಕ ಕೇಳಿದಳು, "ಅಪ್ಪ, ನನ್ ಕೈಯೂ ಇಂಗೇ ಆಯ್ತದಾ?"

"ಇಲ್ಲ ಕಣವ್ವ, ಬೇಗ ಗೊತ್ತಾಯ್ತಲ್ಲ" ಎಂದೆ. ಗೊತ್ತಾದದ್ದು ಒಂದು ಜ್ವರದ ದಯೆಯಿಂದ ಎಂದು ಹೇಳಲಿಲ್ಲ. ಜ್ವರ ಬಾರದ ಮಕ್ಕಳಿಗೆ ನೀವೇ ಉತ್ತರ ಹೇಳಬೇಕು.

ಇಂತಿ,
ತನ್ನ ಪಾಲಿನದನ್ನು ಮಗಳಿಗೆ ಬಡಿಸಿದ
ಸುರೇಂದ್ರ
ಕೆ.ಆರ್. ಪೇಟೆ ತಾಲ್ಲೂಕು